ಬಸುರಿಯ ಕಿಬ್ಬೊಟ್ಟೆಯ ಚಳುಕು: ಕೈರೋಪ್ರಾಕ್ಟಿಕ್ ಎಷ್ಟರ ಮಟ್ಟಿಗೆ ನೆರವಾಗುತ್ತದೆ?

ಐದನೇ ತಿಂಗಳು ನಡೆಯುತ್ತಿರುತ್ತದೆ. ರಾತ್ರಿ ಮಗ್ಗುಲು ಬದಲಿಸುವಾಗ ಕಿಬ್ಬೊಟ್ಟೆಯ ಬಲಗಡೆ ಚುಳ್ಳೆಂದು ನೋವು ಹೊಡೆಯುತ್ತದೆ. ತೊಡೆಸಂದಿನವರೆಗೂ ಎಳೆದ ಹಾಗಾಗುತ್ತದೆ. ಕೆಮ್ಮಿದರೂ ಅಷ್ಟೇ, ಸೀನಿದರೂ ಅಷ್ಟೇ, ನೆಲದ ಮೇಲೆ ಕೂತವಳು ದಿಢೀರನೆ ಎದ್ದರೂ ಅಷ್ಟೇ. ಅರೆ ನಿಮಿಷದಲ್ಲಿ ನೋವು ಹೋಗುತ್ತದೆ, ಹೆದರಿಕೆ ಮಾತ್ರ ಹೋಗುವುದಿಲ್ಲ. ಮಗುವಿಗೆ ಏನಾದರೂ ಆಯಿತಾ ಎಂಬ ಚಿಂತೆಯಲ್ಲೇ ಬೆಳಗಾಗುತ್ತದೆ.

ಮನೆಯಲ್ಲಿ ಹೇಳಿಕೊಂಡರೆ "ಬಸುರಿ ಅಂದ್ಮೇಲೆ ಇವೆಲ್ಲ ಇರೋದೇ" ಎನ್ನುವ ಉತ್ತರ. ಆಸ್ಪತ್ರೆಗೆ ಹೋದರೆ ಉದ್ದನೆಯ ಸಾಲು. ಬಿಪಿ, ತೂಕ, ಮಗುವಿನ ಎದೆಬಡಿತ ನೋಡಿ "ಎಲ್ಲ ನಾರ್ಮಲ್" ಎಂದು ಕಳಿಸುತ್ತಾರೆ. ಫೋನ್ ತೆರೆದರೆ ಬೇರೆಯದೇ ಮಾತು. ಸೊಂಟದ ಮೂಳೆ ಅಲೈನ್‌ಮೆಂಟ್ ತಪ್ಪಿದೆ, ಕೈರೋಪ್ರಾಕ್ಟಿಕ್‌ನಲ್ಲಿ ಸರಿ ಮಾಡಿಸಿ, ಲಿಗಮೆಂಟ್ ನೋವು ಹೋಗುತ್ತದೆ, ಹೆರಿಗೆಯೂ ಸಲೀಸಾಗುತ್ತದೆ ಎನ್ನುವ ವಿಡಿಯೋಗಳು ಒಂದರ ಹಿಂದೆ ಒಂದು ಬರುತ್ತವೆ. ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ ನೋವು ಇಳಿಸುತ್ತೇವೆನ್ನುವ, ಅಮೆರಿಕದಲ್ಲಿ ಹುಟ್ಟಿದ ಈ ಚಿಕಿತ್ಸೆ ಈಗ ಬೆಂಗಳೂರಿನಲ್ಲೂ ಸಿಗುತ್ತದೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಹೆಣ್ಣುಮಕ್ಕಳಿಗೆ ಪಕ್ಕದ ರಸ್ತೆಯಲ್ಲೇ ಅದರ ಕ್ಲಿನಿಕ್ ಇರುತ್ತದೆ.

ನನಗೆ ಈ ಎರಡು ಉತ್ತರಗಳೂ ಸರಿ ಕಾಣುವುದಿಲ್ಲ. ನೋವನ್ನು ತಳ್ಳಿಹಾಕುವುದು ಮೊದಲ ತಪ್ಪು. ಹಾಗೆ ತಳ್ಳಿಸಿಕೊಂಡವಳಿಗೆ ಪುರಾವೆ ಇಲ್ಲದ ಭರವಸೆ ಕೊಡುವುದು ಎರಡನೇ ತಪ್ಪು. ಬೆನ್ನು ಮತ್ತು ಸೊಂಟದ ನೋವಿಗೆ ಕೈಯಿಂದ ಮಾಡುವ ಚಿಕಿತ್ಸೆ ಒಂದಿಷ್ಟು ನೆರವಾಗುತ್ತದೆ, ಅದಕ್ಕೆ ಆಧಾರ ಇದೆ. ಆದರೆ ಗರ್ಭಕೋಶವನ್ನು ಹಿಡಿದಿರುವ ಹುರಿಗಳು ಎಳೆದು ಬರುವ ಈ ಚಳುಕಿಗೆ, ಅಂದರೆ ರೌಂಡ್ ಲಿಗಮೆಂಟ್ ನೋವಿಗೆ, ಅದೇ ಮದ್ದು ಎನ್ನಲು ಆಧಾರ ಸಾಲದು. ಅದಕ್ಕಿಂತ ಮೊದಲು, ಇದು ನಿಜಕ್ಕೂ ಲಿಗಮೆಂಟ್ ನೋವೇನಾ ಎಂದು ಯಾರಾದರೂ ಸರಿಯಾಗಿ ನೋಡಬೇಕು.

ಎಳೆಯುವುದು ಏನು, ಎಲ್ಲಿ

ಗರ್ಭಕೋಶದ ಮೇಲಿನ ಎರಡು ಮೂಲೆಗಳಿಂದ ಎರಡು ಹುರಿಗಳು ಹೊರಡುತ್ತವೆ. ಇವೇ ರೌಂಡ್ ಲಿಗಮೆಂಟ್‌ಗಳು. ಪ್ರತಿಯೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಕಿಬ್ಬೊಟ್ಟೆಯ ಗೋಡೆಯ ಬದಿಯಲ್ಲಿ ಸಾಗಿ, ತೊಡೆಸಂದಿನ ಒಂದು ಸಣ್ಣ ಕಾಲುವೆಯೊಳಗೆ ಹಾದು, ಯೋನಿಯ ಹೊರತುಟಿಯ ಮೃದು ಭಾಗದಲ್ಲಿ ಹರಡಿಕೊಂಡು ಮುಗಿಯುತ್ತವೆ. ಅದಕ್ಕೇ ನೋವು ಹೊಟ್ಟೆಯಲ್ಲಿ ಶುರುವಾಗಿ ತೊಡೆಸಂದಿಗೆ, ಕೆಲವರಿಗೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಹೇಳಿಕೊಳ್ಳಲು ಮುಜುಗರವಾಗುವ ಜಾಗ ಅದು, ಎಷ್ಟೋ ಜನ ಹೇಳದೇ ಸುಮ್ಮನಾಗುತ್ತಾರೆ.

ಬಸುರಿಲ್ಲದಾಗ ಗರ್ಭಕೋಶ ಸುಮಾರು 70 ಗ್ರಾಂ ತೂಗುತ್ತದೆ. ಹೆರಿಗೆಯ ಹೊತ್ತಿಗೆ, ಮಗು ಮತ್ತು ನೀರು ಬಿಟ್ಟು ಬರೀ ಗರ್ಭಕೋಶವೇ ಒಂದು ಕಿಲೋ ದಾಟುತ್ತದೆ. ತೊಟ್ಟಿಲನ್ನು ಎರಡು ಕಡೆ ಹಿಡಿದ ಹಗ್ಗಗಳಂತೆ ಈ ಲಿಗಮೆಂಟ್‌ಗಳು ಅದರ ಜೊತೆಗೇ ಉದ್ದವಾಗುತ್ತವೆ, ದಪ್ಪವೂ ಆಗುತ್ತವೆ. ನಿಧಾನಕ್ಕೆ ಆಗುವ ಹಿಗ್ಗುವಿಕೆ ಅಷ್ಟಾಗಿ ನೋಯುವುದಿಲ್ಲ. ನೋಯುವುದು ದಿಢೀರ್ ಎಳೆತ. ಸೀನಿದಾಗ, ಹೊರಳಿದಾಗ, ಆಟೋ ಗುಂಡಿಗೆ ಇಳಿದಾಗ ಆಗುವುದು ಅದೇ. ಬೆಳೆಯುವ ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ಸ್ವಲ್ಪ ತಿರುಗಿಕೊಂಡಿರುತ್ತದೆ, ಎಡಗಡೆ ದೊಡ್ಡ ಕರುಳಿನ ಕೊನೆಯ ಭಾಗ ಜಾಗ ಹಿಡಿದಿರುತ್ತದಲ್ಲ. ಹಾಗಾಗಿ ಬಲಗಡೆಯ ನೋವೇ ಜಾಸ್ತಿ ಜನಕ್ಕೆ ಕಾಣುತ್ತದೆ.

ಈ ನೋವು ಹೆಚ್ಚಾಗಿ ನಾಲ್ಕನೇ ತಿಂಗಳಿನಿಂದ ಆರೇಳನೇ ತಿಂಗಳವರೆಗೆ ಕಾಡುತ್ತದೆ. ಕೆಲವು ಸೆಕೆಂಡಿನಿಂದ ಕೆಲವು ನಿಮಿಷ ಇರುತ್ತದೆ. ಕದಲಿದರೆ ಬರುತ್ತದೆ, ಸುಮ್ಮನೆ ಕೂತರೆ ಇಳಿಯುತ್ತದೆ. ಕದಲದೇ ಕೂತಾಗಲೂ ಬಿಡದೆ ಕಾಡುವ ನೋವು ಈ ಜಾತಿಯದ್ದಲ್ಲ.

ಇಲ್ಲಿ ಒಂದು ವಿಷಯ ಬಿಚ್ಚಿ ಹೇಳಬೇಕು. ಈ ಲಿಗಮೆಂಟಿನ ಎರಡು ತುದಿಗಳಲ್ಲಿ ಯಾವುದೂ ಬೆನ್ನುಮೂಳೆಗೆ ಅಂಟಿಕೊಂಡಿಲ್ಲ. ಒಂದು ತುದಿ ಗರ್ಭಕೋಶದಲ್ಲಿ, ಇನ್ನೊಂದು ಮೃದು ಚರ್ಮದಡಿಯಲ್ಲಿ. ಬೆನ್ನಿನ ಮೂಳೆಯನ್ನೋ ಸೊಂಟದ ಹಿಂದಿನ ಸೇಕ್ರಮ್ ಮೂಳೆಯನ್ನೋ ಒತ್ತಿದರೆ ಇದರ ಬಿಗಿ ಹೇಗೆ ಸಡಿಲವಾಗುತ್ತದೆ ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಗರ್ಭಕೋಶದ ಹಿಂಬದಿಯಿಂದ ಸೇಕ್ರಮ್ ಕಡೆಗೆ ಹೋಗುವ ಬೇರೊಂದು ಜೋಡಿ ಲಿಗಮೆಂಟ್ ಇದೆ, ಅದರ ಮೂಲಕ ಎಲ್ಲವೂ ಸಮತೋಲನಕ್ಕೆ ಬರುತ್ತದೆ ಎಂದು ಕೈರೋಪ್ರಾಕ್ಟರ್‌ಗಳು ವಾದಿಸುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಅದು ಇನ್ನೂ ವಾದವೇ, ಅಳೆದು ತೋರಿಸಿದ ಸಂಗತಿ ಅಲ್ಲ.

ಎಲ್ಲ ನೋವೂ ಲಿಗಮೆಂಟಿನದ್ದಲ್ಲ

ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವುದಾದರೂ ಹಂತದಲ್ಲಿ ಬೆನ್ನುನೋವು ಬರುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಸೊಂಟದ ಕಟ್ಟಿನ ನೋವು, ಅಂದರೆ ಪೆಲ್ವಿಕ್ ಗರ್ಡಲ್ ನೋವು ಇರುತ್ತದೆ. ಇದು ಹಿಂದೆ ಪಿರ್ರೆಯ ಮೇಲ್ಭಾಗದಲ್ಲಿ ಅಥವಾ ಮುಂದೆ ಎರಡು ಮೂಳೆ ಕೂಡುವ ಜಾಗದಲ್ಲಿ ಕಾಣುತ್ತದೆ. ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಸಲ್ವಾರ್ ಹಾಕುವಾಗ, ಸ್ಕೂಟರ್ ಮೇಲಿಂದ ಕಾಲು ಎತ್ತಿ ಇಳಿಯುವಾಗ ಜೋರಾಗುತ್ತದೆ. ಲಿಗಮೆಂಟ್ ನೋವು ಎಂದು ಕ್ಲಿನಿಕ್‌ಗೆ ಹೋಗುವವರಲ್ಲಿ ಹಲವರ ನೋವು ನಿಜಕ್ಕೂ ಇದು. ಅದು ಚಿಕಿತ್ಸೆಯಿಂದ ಕಡಿಮೆಯಾದಾಗ ಹೊಗಳಿಕೆ ಲಿಗಮೆಂಟಿನ ಲೆಕ್ಕಕ್ಕೆ ಹೋಗುತ್ತದೆ.

ಎಲ್ಲಕ್ಕೂ ರಿಲ್ಯಾಕ್ಸಿನ್ ಎಂಬ ಹಾರ್ಮೋನನ್ನು ದೂರುವುದು ರೂಢಿ. ಅದು ಕೀಲುಗಳನ್ನು ಸಡಿಲ ಮಾಡುತ್ತದೆ, ಅದರಿಂದಲೇ ನೋವು ಎನ್ನುತ್ತಾರೆ. ಆದರೆ ಅದರ ಮಟ್ಟ ಮೊದಲ ಮೂರು ತಿಂಗಳಲ್ಲೇ ಎಲ್ಲಕ್ಕಿಂತ ಹೆಚ್ಚು. ನೋವು ಜಾಸ್ತಿಯಾಗುವುದು ಅದಾದ ಮೇಲೆ. ರಕ್ತದಲ್ಲಿ ರಿಲ್ಯಾಕ್ಸಿನ್ ಹೆಚ್ಚಿದ್ದವರಿಗೇ ನೋವು ಹೆಚ್ಚು ಎಂದು ಅಧ್ಯಯನಗಳು ಒಂದೇ ದನಿಯಲ್ಲಿ ಹೇಳಿಲ್ಲ. ಭಾರ, ನಡಿಗೆಯ ಬದಲಾವಣೆ, ಸ್ನಾಯುಗಳ ಶಕ್ತಿ, ನಿದ್ದೆ, ಹಿಂದಿನ ಬೆನ್ನುನೋವು, ಮನೆಗೆಲಸದ ಹೊರೆ ಎಲ್ಲವೂ ಸೇರುತ್ತವೆ.

ಇವೆಲ್ಲ ತೊಂದರೆ ಕೊಡುವ ನೋವುಗಳು, ಅಪಾಯದ ನೋವುಗಳಲ್ಲ. ಅಪಾಯದವು ಬೇರೆ ಇವೆ, ಮತ್ತು ಅವೂ ಶುರುವಿನಲ್ಲಿ "ಸ್ವಲ್ಪ ಹೊಟ್ಟೆನೋವು" ಆಗಿಯೇ ಕಾಣುತ್ತವೆ. ಬಸುರಿನ ಮೊದಲ ವಾರಗಳಲ್ಲಿ ಒಂದೇ ಬದಿಯಲ್ಲಿ ನೋವು, ತಲೆಸುತ್ತು, ರಕ್ತಸ್ರಾವ ಇದ್ದರೆ ಭ್ರೂಣ ಗರ್ಭಕೋಶದ ಬದಲು ನಾಳದಲ್ಲಿ ಕಚ್ಚಿಕೊಂಡಿರಬಹುದು. ಉಚ್ಚೆ ಉರಿ, ಜ್ವರ, ಪಕ್ಕೆನೋವು ಇದ್ದರೆ ಮೂತ್ರದ ಸೋಂಕು. ಬಸುರಿಯರಲ್ಲಿ ಅದು ಸಾಮಾನ್ಯ, ಬಿಟ್ಟರೆ ಅವಧಿಗೆ ಮುಂಚೆ ಹೆರಿಗೆಗೂ ದಾರಿಯಾಗುತ್ತದೆ. ಬಲಗಡೆ ನೋವು ಗಂಟೆಗಟ್ಟಲೆ ಏರುತ್ತಾ ವಾಂತಿ ಜ್ವರ ಸೇರಿದರೆ ಅಪೆಂಡಿಕ್ಸ್ ಇರಬಹುದು. ಬೆಳೆದ ಗರ್ಭಕೋಶ ಅಪೆಂಡಿಕ್ಸನ್ನು ಮೇಲಕ್ಕೆ ತಳ್ಳಬಹುದಾದ್ದರಿಂದ ಬಸುರಿಯಲ್ಲಿ ಅದನ್ನು ಗುರುತಿಸುವುದು ವೈದ್ಯರಿಗೂ ಕಷ್ಟ. 37 ವಾರ ತುಂಬುವ ಮೊದಲು ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಗಟ್ಟಿಯಾಗಿ ಸಡಿಲವಾಗುತ್ತಿದ್ದರೆ, ಸೊಂಟದಲ್ಲಿ ಬಿಟ್ಟು ಬಿಟ್ಟು ನೋವು ಬರುತ್ತಿದ್ದರೆ ಅದು ಅಕಾಲ ಹೆರಿಗೆಯ ಸೂಚನೆ. ಹೊಟ್ಟೆ ಕಲ್ಲಿನಂತೆ ಬಿಗಿದು ನೋವು ಬಿಡದೇ ಇದ್ದರೆ, ರಕ್ತ ಕಾಣದಿದ್ದರೂ ಸರಿ, ಮಾಸು ಬೇರ್ಪಟ್ಟಿರಬಹುದು. ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ವಿಪರೀತ ತಲೆನೋವು, ಕಣ್ಣು ಮಂಜು ಇವು ಬಿಪಿ ಏರಿದ್ದರ ಲಕ್ಷಣ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ನೀರು ಸೋರಿದರೆ, ಮಗುವಿನ ಓಡಾಟ ಕಡಿಮೆಯಾದರೆ ಬೆಳಗಿನವರೆಗೆ ಕಾಯಬಾರದು. 108ಕ್ಕೆ ಫೋನ್ ಮಾಡಿ ಹೊರಡಬೇಕು.

ಈ ಪಟ್ಟಿಯನ್ನು ಹೆದರಿಸಲು ಬರೆದದ್ದಲ್ಲ. ಮಸಾಜ್ ಮಾಡುವವರಾಗಲಿ, ಕೈರೋಪ್ರಾಕ್ಟರ್ ಆಗಲಿ, ಹಳ್ಳಿಯಲ್ಲಿ ಉಳುಕು ತೆಗೆಯುವವರಾಗಲಿ, ಇವನ್ನು ಪ್ರತ್ಯೇಕಿಸಲು ಬೇಕಾದ ಸ್ಕ್ಯಾನ್, ಮೂತ್ರ ಪರೀಕ್ಷೆಯಂಥವು ಅವರ ಕೈಯಲ್ಲಿ ಇರುವುದಿಲ್ಲ ಎಂದು ನೆನಪಿಸಲು ಬರೆದದ್ದು. ಮೊದಲ ಬಾಗಿಲು ಯಾವತ್ತೂ ಹೆರಿಗೆ ವೈದ್ಯರದ್ದೇ ಆಗಿರಬೇಕು.

ಆ ಮೇಜಿನ ಮೇಲೆ ಏನು ನಡೆಯುತ್ತದೆ

ಕೈರೋಪ್ರಾಕ್ಟಿಕ್ ಶುರುವಾಗಿದ್ದು 1895ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬಾತ, ಕಿವಿ ಸರಿಯಾಗಿ ಕೇಳದ ಹಾರ್ವಿ ಲಿಲ್ಲಾರ್ಡ್ ಎಂಬ ಜಾಡಮಾಲಿಯ ಬೆನ್ನುಮೂಳೆ ಒತ್ತಿ ಕಿವಿ ಕೇಳಿಸುವಂತೆ ಮಾಡಿದೆ ಎಂದು ಹೇಳಿಕೊಂಡ. ಬೆನ್ನಿನ ಮೂಳೆಗಳು ಸ್ವಲ್ಪ ಸ್ವಲ್ಪ ಜಾಗ ಬಿಟ್ಟು ಸರಿಯುವುದೇ ಹೆಚ್ಚಿನ ರೋಗಗಳ ಮೂಲ ಎನ್ನುವುದು ಅವನ ಸಿದ್ಧಾಂತ. ಆ ಸಿದ್ಧಾಂತವನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಕೈರೋಪ್ರಾಕ್ಟರ್‌ಗಳಲ್ಲೂ ಒಂದು ದೊಡ್ಡ ಗುಂಪು ಅದನ್ನು ಬಿಟ್ಟು, ಬೆನ್ನು ಕುತ್ತಿಗೆ ನೋವಿಗಷ್ಟೇ ತಮ್ಮ ಕೆಲಸವನ್ನು ಸೀಮಿತ ಮಾಡಿಕೊಂಡಿದೆ. ಇನ್ನೊಂದು ಗುಂಪು ಇನ್ನೂ ಹಳೆಯ ಮಾತನ್ನೇ ಹಿಡಿದುಕೊಂಡಿದೆ. ನೀವು ಯಾರ ಬಳಿ ಹೋಗುತ್ತೀರಿ ಎನ್ನುವುದು ಇಲ್ಲಿ ತುಂಬ ಮುಖ್ಯ.

ಬಸುರಿಯರಿಗೆ ಹೆಚ್ಚಾಗಿ ಹೇಳುವುದು ವೆಬ್‌ಸ್ಟರ್ ವಿಧಾನ. ಲ್ಯಾರಿ ವೆಬ್‌ಸ್ಟರ್ ಎಂಬ ಅಮೆರಿಕದ ಕೈರೋಪ್ರಾಕ್ಟರ್ ರೂಪಿಸಿದ್ದು. ಹೊಟ್ಟೆಗೆ ಜಾಗ ಬಿಟ್ಟ ಮೇಜಿನ ಮೇಲೆ, ಅಥವಾ ಎದೆಗೂ ತೊಡೆಗೂ ದಿಂಬು ಕೊಟ್ಟು, ಬೋರಲು ಮಲಗಿಸುತ್ತಾರೆ. ಎರಡೂ ಮಂಡಿ ಮಡಚಿ ಹಿಮ್ಮಡಿಗಳನ್ನು ಪಿರ್ರೆಯ ಕಡೆಗೆ ತರುತ್ತಾರೆ. ಯಾವ ಕಾಲು ಬಿಗಿಯಾಗಿದೆ ಎಂದು ನೋಡಿ, ಆ ಬದಿಯಲ್ಲಿ ಸೇಕ್ರಮ್ ಮೇಲೆ ಕೈ ಇಟ್ಟು ಚಿಕ್ಕದೊಂದು ತಳ್ಳು ಕೊಡುತ್ತಾರೆ. ಮೇಜಿನ ಆ ಭಾಗ ಒಂದೆರಡು ಸೆಂಟಿಮೀಟರ್ ಕೆಳಗೆ ಬೀಳುವ ಹಾಗಿರುತ್ತದೆ, ಹಾಗಾಗಿ ತಿರುಚುವ ಬಲ ಬೇಕಿಲ್ಲ. ಆಮೇಲೆ ಅಂಗಾತ ತಿರುಗಿಸಿ, ಹೊಕ್ಕುಳ ಮತ್ತು ಸೊಂಟದ ಮುಂದಿನ ಮೂಳೆಯ ತುದಿಯ ನಡುವೆ, ಸ್ವಲ್ಪ ಕೆಳಗೆ, ಬೆರಳಿನಿಂದ ಹಗುರವಾಗಿ ಮುಟ್ಟಿ ಹಿಡಿದಿರುತ್ತಾರೆ. ರೌಂಡ್ ಲಿಗಮೆಂಟಿನ ಬಿಗಿ ಇಳಿಸುವುದು ಎನ್ನುವುದು ಈ ಹಂತಕ್ಕೆ. ವಿಡಿಯೋಗಳಲ್ಲಿ ಕಾಣುವ ಕುತ್ತಿಗೆ ತಿರುಚುವಿಕೆ, ಲಟಲಟ ಸದ್ದು ಇದರಲ್ಲಿ ಇರುವುದಿಲ್ಲ.

ಸದ್ದಿನ ಬಗ್ಗೆ ಒಂದು ಮಾತು. ಆ 'ಲಟಕ್' ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲನ್ನು ಎಳೆದಾಗ ಅದರೊಳಗಿನ ದ್ರವದಲ್ಲಿ ಗಾಳಿಯ ಪೊಳ್ಳು ಉಂಟಾಗುವ ಸದ್ದು ಅದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಬೆರಳಿನ ನೆಟಿಕೆಯನ್ನು ಎಂಆರ್‌ಐನಲ್ಲಿ ಸೆರೆಹಿಡಿದು ಇದನ್ನು ತೋರಿಸಿತು. ಸೊಂಟದ ಹಿಂದಿನ ಕೀಲು ಕದಲುವುದೇ ಒಂದೆರಡು ಮಿಲಿಮೀಟರ್, ಎರಡು ಮೂರು ಡಿಗ್ರಿ. ಅಷ್ಟು ಚಿಕ್ಕ ಚಲನೆಯಲ್ಲಿ ಏನು ತಪ್ಪಿದೆ ಎಂದು ಬೆರಳಿನಿಂದ ಮುಟ್ಟಿ ನಂಬುವಂತೆ ಹೇಳಲಾಗದು. ಮುಂದಿನ ಮೂಳೆಗಳ ನಡುವಿನ ಅಂತರ ಬಸುರಿನಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುವುದು ಸಹಜ. "ನಿಮ್ಮ ಪೆಲ್ವಿಸ್ ಸೊಟ್ಟಗಾಗಿದೆ" ಎಂಬ ಮಾತು ಬಸುರಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ತನ್ನ ಮೈಯೇ ಮುರಿದುಹೋಗುವಂಥದ್ದು ಎಂದು ಅವಳು ನಡೆಯಲೂ ಹಿಂಜರಿಯುತ್ತಾಳೆ. ಈ ಮಾತು ನನಗೆ ಆ ತಳ್ಳಿಗಿಂತ ಹೆಚ್ಚು ಹಾನಿ ಮಾಡುವಂತೆ ಕಾಣುತ್ತದೆ.

ಪುರಾವೆ ಎಲ್ಲಿಯವರೆಗೆ ಬರುತ್ತದೆ

ರೌಂಡ್ ಲಿಗಮೆಂಟ್ ನೋವಿನ ಬಗ್ಗೆ ಕೈರೋಪ್ರಾಕ್ಟಿಕ್ ಪತ್ರಿಕೆಗಳಲ್ಲಿ ಇರುವುದು ಒಬ್ಬಿಬ್ಬರು ಮಹಿಳೆಯರ ಕಥೆ ಹೇಳುವ ಕೇಸ್ ವರದಿಗಳು. ಅವರಿಗೆ ಗುಣ ಸಿಕ್ಕಿತು ಎನ್ನುವುದು ಸುಳ್ಳಲ್ಲ. ಆದರೆ ಈ ನೋವು ತಾನೇ ಬಂದು ತಾನೇ ಹೋಗುವಂಥದ್ದು, ಬಹಳ ಜನಕ್ಕೆ ಕೊನೆಯ ತಿಂಗಳುಗಳಲ್ಲಿ ತಂತಾನೇ ಕಡಿಮೆಯಾಗುತ್ತದೆ. ಜನ ಚಿಕಿತ್ಸೆಗೆ ಹೋಗುವುದು ನೋವು ಅತಿಯಾದ ವಾರದಲ್ಲಿ. ಮುಂದಿನ ವಾರ ಅದು ಇಳಿಯುವ ಸಾಧ್ಯತೆ ಹೇಗೂ ಹೆಚ್ಚು. ಚಿಕಿತ್ಸೆ ಪಡೆಯದ ಇನ್ನೊಂದು ಗುಂಪಿನ ಜೊತೆ ಹೋಲಿಸದೇ ಯಾವುದರಿಂದ ಗುಣವಾಯಿತು ಎಂದು ಹೇಳಲು ಬರುವುದಿಲ್ಲ.

ಬೆನ್ನು ಸೊಂಟದ ನೋವಿಗೆ ಬಂದರೆ ಚಿತ್ರ ಬೇರೆ. ಅಮೆರಿಕದಲ್ಲಿ 169 ಬಸುರಿಯರ ಮೇಲೆ ಒಂದು ಪ್ರಯೋಗ ನಡೆದು 2013ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಹೆರಿಗೆ ಆರೈಕೆ. ಇನ್ನೊಂದಕ್ಕೆ ಅದರ ಜೊತೆ ಕೈರೋಪ್ರಾಕ್ಟರ್ ಕೈಯಿಂದ ಚಿಕಿತ್ಸೆ, ವ್ಯಾಯಾಮ, ತಿಳುವಳಿಕೆ ಎಲ್ಲ ಸೇರಿಸಿ ಕೊಟ್ಟರು. ಎರಡನೇ ಗುಂಪಿನ ನೋವು ಚೆನ್ನಾಗಿ ಇಳಿಯಿತು. ಮೂರೂ ಒಟ್ಟಿಗೆ ಕೊಟ್ಟಿದ್ದರಿಂದ ಕೆಲಸ ಮಾಡಿದ್ದು ಯಾವುದು ಎಂದು ಬಿಡಿಸಲಾಗದು, ಅಲ್ವಾ? 2012ರಲ್ಲಿ ಬಂದ 57 ಜನರ ಚಿಕ್ಕ ಪ್ರಯೋಗ ಆ ಪ್ರಶ್ನೆಯ ಹತ್ತಿರ ಹೋಗಿತ್ತು. ಬೆನ್ನುಮೂಳೆಯ ಚಿಕಿತ್ಸೆ, ಬರೀ ವ್ಯಾಯಾಮ, ಮತ್ತು ಮನಸ್ಸು ದೇಹ ಎರಡನ್ನೂ ಮುಟ್ಟುತ್ತೇವೆನ್ನುವ ಇನ್ನೊಂದು ವಿಧಾನ ಎಂದು ಮೂರು ಗುಂಪು ಮಾಡಿದರು. ಮೂರರಲ್ಲೂ ಅರ್ಧಕ್ಕರ್ಧ ಜನ ಸುಧಾರಿಸಿದರು. ಒಂದು ಇನ್ನೊಂದನ್ನು ಮೀರಿಸಲಿಲ್ಲ.

ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ತೂಗಿದ ವಿಮರ್ಶೆಯೊಂದು, ಚಿಕಿತ್ಸೆಗಳ ಪುರಾವೆ ಅಳೆಯುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿಂದ 2015ರಲ್ಲಿ ಬಂತು. 34 ಪ್ರಯೋಗಗಳು, 5121 ಮಹಿಳೆಯರು. ವ್ಯಾಯಾಮದಿಂದ ಬೆನ್ನುನೋವು ಕಡಿಮೆಯಾಗುತ್ತದೆ, ಕೈಯಿಂದ ಮಾಡುವ ಚಿಕಿತ್ಸೆ, ಅಕ್ಯುಪಂಕ್ಚರ್ ಇವೂ ಕೆಲವರಿಗೆ ನೆರವಾಗಬಹುದು ಎನ್ನುವುದು ಅದರ ಸಾರ. ಪುರಾವೆಯ ಗುಣಮಟ್ಟ ಕಡಿಮೆಯಿಂದ ಮಧ್ಯಮ ಎಂದೂ ಅದು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸುರಿಯರ ಆರೈಕೆಗೆ ಕೊಟ್ಟ ಸಲಹೆಗಳಲ್ಲಿ, ಬೆನ್ನು ಸೊಂಟ ನೋವಿಗೆ ನಿಯಮಿತ ವ್ಯಾಯಾಮ ಮೊದಲು, ಆಮೇಲೆ ಅವರವರ ಆಯ್ಕೆಯಂತೆ ಫಿಸಿಯೋಥೆರಪಿ, ಸೊಂಟದ ಬೆಲ್ಟ್, ಅಕ್ಯುಪಂಕ್ಚರ್ ಎಂದಿದೆ. ಯಾವ ಚಿಕಿತ್ಸೆ ಕೊಡಬೇಕೆಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಸೊಂಟದ ಕಟ್ಟಿನ ನೋವಿಗೆ ಫಿಸಿಯೋಥೆರಪಿಗೆ ಕಳಿಸಿ, ವ್ಯಾಯಾಮ ಅಥವಾ ಮೆತ್ತಗಿನ ಬೆಲ್ಟ್ ಕೊಡಿಸಿ ಎಂದಿತು. ಎರಡು ಕಡೆಯೂ ಕೈರೋಪ್ರಾಕ್ಟಿಕ್ ಹೆಸರು ಮುಂದಿನ ಸಾಲಿನಲ್ಲಿ ಇಲ್ಲ.

ಮಗುವನ್ನು ತಿರುಗಿಸುತ್ತೇವೆ ಎನ್ನುವ ಭರವಸೆ ಇನ್ನೊಂದು. ವೆಬ್‌ಸ್ಟರ್ ವಿಧಾನ ಹೆಸರಾಗಿದ್ದೇ ಕಾಲು ಕೆಳಗಾದ ಮಗು ತಲೆ ಕೆಳಗಾಗುತ್ತದೆ ಎಂಬ ಮಾತಿನಿಂದ. 2002ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 82 ಶೇಕಡಾ ಯಶಸ್ಸು ಎಂದಿತು. ಈ ಅಂಕಿ ಇವತ್ತಿಗೂ ಜಾಹೀರಾತುಗಳಲ್ಲಿ ತಿರುಗುತ್ತಿದೆ. ಆದರೆ ಅದು ಪ್ರಯೋಗ ಅಲ್ಲ. 1047 ಕೈರೋಪ್ರಾಕ್ಟರ್‌ಗಳಿಗೆ ಪ್ರಶ್ನೆಪತ್ರ ಕಳಿಸಿದರು, 187 ಜನ ಉತ್ತರಿಸಿದರು, ತಮ್ಮ ಯಶಸ್ಸನ್ನು ತಾವೇ ಹೇಳಿದರು. 28 ವಾರದಲ್ಲಿ ನಾಲ್ಕೈದು ಮಕ್ಕಳಲ್ಲಿ ಒಂದು ಕಾಲು ಕೆಳಗಾಗಿರುತ್ತದೆ, ಹೆರಿಗೆಯ ಹೊತ್ತಿಗೆ ಅದು ನೂರಕ್ಕೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ಯಾರೂ ಏನೂ ಮಾಡದೇ ಹೆಚ್ಚಿನ ಮಕ್ಕಳು ತಿರುಗಿಕೊಳ್ಳುತ್ತವೆ. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ 2016ರಲ್ಲಿ ತನ್ನಲ್ಲಿ ನೋಂದಾಯಿಸಿದ ಕೈರೋಪ್ರಾಕ್ಟರ್‌ಗಳಿಗೆ ಖಡಕ್ಕಾಗಿ ಹೇಳಿತು: ಹೊಟ್ಟೆಯಲ್ಲಿರುವ ಮಗುವಿಗೆ ಚಿಕಿತ್ಸೆ ಎಂದೋ, ಮಗುವನ್ನು ತಿರುಗಿಸುವ ವಿಧಾನ ಎಂದೋ ಇದನ್ನು ಹೇಳಿಕೊಳ್ಳಬಾರದು. ಆ ವೃತ್ತಿಯ ಒಳಗಿನಿಂದಲೇ ಈ ಎಚ್ಚರಿಕೆ ಬಂದಿದ್ದು ನನಗೆ ಮೆಚ್ಚುಗೆಯಾಯಿತು.

ಹಾಗಿದ್ದರೂ ಹೋಗಿ ಬಂದವರು ಹಗುರಾಯಿತು ಎನ್ನುತ್ತಾರೆ. ಅದನ್ನು ಬರೀ ಭ್ರಮೆ ಎಂದು ತಳ್ಳಬಾರದು. ಅರ್ಧ ಗಂಟೆ ಒಬ್ಬರು ಕೂತು ನಿಮ್ಮ ಮಾತು ಕೇಳುತ್ತಾರೆ. ಎಲ್ಲಿ ನೋವು ಎಂದು ಕೈಯಿಟ್ಟು ನೋಡುತ್ತಾರೆ. ಬಿಗಿದ ಸ್ನಾಯು ಸಡಿಲವಾಗುತ್ತದೆ. ಹೆದರಿಕೆ ಇಳಿದರೆ ನೋವೂ ಇಳಿಯುತ್ತದೆ, ಇದು ದೇಹದ ನಿಜವಾದ ಗುಣ. ಎರಡು ನಿಮಿಷದ ಓಪಿಡಿಯಲ್ಲಿ ಸಿಗದ ಈ ಗಮನವೇ ಅಲ್ಲಿ ಕೆಲಸ ಮಾಡುವುದರ ದೊಡ್ಡ ಪಾಲು ಎಂದು ನನಗನ್ನಿಸುತ್ತದೆ. ಆ ಗಮನ ಸಿಗಲು ಬೆನ್ನುಮೂಳೆ ಒತ್ತಿಸಿಕೊಳ್ಳಲೇಬೇಕಾ ಎನ್ನುವುದು ಪ್ರಶ್ನೆ.

ಯಾರ ಕೈ, ಯಾವ ಕಾನೂನು

ಬಸುರಿಯರಲ್ಲಿ ಕೈರೋಪ್ರಾಕ್ಟಿಕ್‌ನಿಂದ ಆದ ಗಂಭೀರ ತೊಂದರೆಗಳ ವರದಿಗಳು ಕಡಿಮೆ. ಆದರೆ ಇವೆ, ಮತ್ತು ಹೆಚ್ಚಿನ ಆತಂಕ ಕುತ್ತಿಗೆ ತಿರುಚುವುದರ ಸುತ್ತಲೇ ಇದೆ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪರೂಪದ ಅಪಾಯ ಅದು. ಕಿಬ್ಬೊಟ್ಟೆಯ ನೋವಿಗೆ ಬಂದವಳ ಕುತ್ತಿಗೆ ಮುಟ್ಟಲು ಕಾರಣವೇ ಇಲ್ಲ. ಯಾರಾದರೂ ಮುಂದಾದರೆ ಬೇಡ ಎನ್ನಬೇಕು. ಎಕ್ಸ್‌ರೇ ತೆಗೆಸಿ ಬನ್ನಿ ಎಂದರೂ ಅಷ್ಟೇ, ಮೊದಲು ಹೆರಿಗೆ ವೈದ್ಯರನ್ನು ಕೇಳಬೇಕು. ರಕ್ತಸ್ರಾವ ಆಗಿದ್ದವರು, ಮಾಸು ಕೆಳಗಿರುವವರು, ಬಿಪಿ ಏರಿರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ರಕ್ತ ತೆಳುವಾಗುವ ಮದ್ದು ತಗೊಳ್ಳುವವರು ವೈದ್ಯರು ಒಪ್ಪದೇ ಇದರ ಹತ್ತಿರ ಹೋಗಬಾರದು.

ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕೈರೋಪ್ರಾಕ್ಟರ್‌ಗೆ ಲೈಸೆನ್ಸ್ ಬೇಕು. 1913ರಲ್ಲಿ ಕಾನ್ಸಾಸ್ ಮೊದಲು ಕಾನೂನು ಮಾಡಿತು, 1974ರಲ್ಲಿ ಲೂಯಿಸಿಯಾನಾ ಕೊನೆಗೆ. ಬ್ರಿಟನ್ನಿನಲ್ಲಿ 1994ರ ಕಾಯ್ದೆ, ಅದರ ಕೆಳಗೆ ಒಂದು ಪರಿಷತ್ತು. ಅಲ್ಲಿರುವ ಕನ್ನಡಿಗರು ಲೈಸೆನ್ಸ್ ಇದೆಯಾ, ಶಿಸ್ತುಕ್ರಮ ಆಗಿದೆಯಾ ಎಂದು ಆಯಾ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಹೆರಿಗೆ ವೈದ್ಯರಿಗೆ ತಿಳಿಸಿಯೇ ಹೋಗಬಹುದು.

ನಮ್ಮಲ್ಲಿ ಆ ಅನುಕೂಲ ಇಲ್ಲ. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಕಾನೂನೂ ಇಲ್ಲ, ಮಂಡಳಿಯೂ ಇಲ್ಲ. ಫಿಸಿಯೋಥೆರಪಿ ಮಾತ್ರ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಹಾಗಾಗಿ ಇಲ್ಲಿ ಬೋರ್ಡಿನ ಮೇಲೆ ಕೈರೋಪ್ರಾಕ್ಟರ್ ಎಂದು ಬರೆದಿದ್ದರೆ ಒಳಗಿರುವವರು ವಿದೇಶದಲ್ಲಿ ನಾಲ್ಕು ವರ್ಷ ಓದಿ ಬಂದವರಿರಬಹುದು, ವಾರಾಂತ್ಯದ ಕೋರ್ಸ್ ಮುಗಿಸಿದವರಿರಬಹುದು. ಹೆಸರಿನ ಹಿಂದಿನ ಡಾಕ್ಟರ್ ಪದವಿ ನೋಡಿ ಎಂಬಿಬಿಎಸ್ ಎಂದುಕೊಳ್ಳಬಾರದು. ಎಲ್ಲಿ ಓದಿದಿರಿ, ಎಷ್ಟು ವರ್ಷ, ಬಸುರಿಯರನ್ನು ನೋಡಿ ಅಭ್ಯಾಸ ಇದೆಯಾ, ನಮ್ಮ ಹೆರಿಗೆ ವೈದ್ಯರ ಜೊತೆ ಮಾತಾಡುತ್ತೀರಾ ಎಂದು ನೇರವಾಗಿ ಕೇಳಬೇಕು. ಹತ್ತು ಹದಿನೈದು ಸಲದ ಪ್ಯಾಕೇಜಿಗೆ ಮುಂಗಡ ದುಡ್ಡು ಕೇಳಿದರೆ ಎದ್ದು ಬರುವುದೇ ಸರಿ.

ನಮ್ಮ ಹಳ್ಳಿಗಳಲ್ಲಿ ಇದರ ಬೇರೆ ರೂಪ ಇದೆ. ಬಟ್ಟಿ ಜಾರಿದೆ ಎಂದು ಹೊಟ್ಟೆ ತಿಕ್ಕುವುದು, ಉಳುಕು ಎಂದು ಸೊಂಟ ಎಳೆಯುವುದು. ಕಾಲು, ಬೆನ್ನಿಗೆ ಹಗುರವಾಗಿ ಎಣ್ಣೆ ನೀವಿದರೆ ಹಿತ. ಬಸುರಿಯ ಹೊಟ್ಟೆಯನ್ನು ಒತ್ತಿ ತಿಕ್ಕುವುದು ಮಾತ್ರ ಬೇಡ. ಮಾಸು ಬೇರ್ಪಡುವ ಅಪಾಯಕ್ಕೆ ಹೊಟ್ಟೆಗೆ ಬೀಳುವ ಏಟು, ಬಲವಾದ ಒತ್ತಡ ಒಂದು ಕಾರಣ.

ಮನೆಯಲ್ಲೇ ಆಗುವುದು

ಲಿಗಮೆಂಟ್ ನೋವಿಗೆ ಅತಿ ಹೆಚ್ಚು ಕೆಲಸ ಮಾಡುವುದು ಕದಲುವ ರೀತಿಯನ್ನು ಬದಲಿಸುವುದು. ಸೀನು ಬರುವ ಮುನ್ಸೂಚನೆ ಸಿಕ್ಕ ಕೂಡಲೇ ಸ್ವಲ್ಪ ಮುಂದಕ್ಕೆ ಬಾಗಿ, ಮಂಡಿ ಮಡಚಿ, ಕೈಯಿಂದ ಕೆಳಹೊಟ್ಟೆ ಹಿಡಿದುಕೊಳ್ಳಿ. ಲಿಗಮೆಂಟ್ ಸಡಿಲಗೊಂಡಿರುವಾಗ ಎಳೆತ ಬೀಳುವುದಿಲ್ಲ. ಮಗ್ಗುಲು ಬದಲಿಸುವಾಗ ಎರಡೂ ಮಂಡಿ ಜೋಡಿಸಿ, ಭುಜ ಸೊಂಟ ಒಟ್ಟಿಗೆ ಹೊರಳಿಸಿ. ಎದ್ದೇಳುವಾಗ ಮೊದಲು ಮಗ್ಗುಲಾಗಿ, ಕೈ ಊರಿ, ಕಾಲು ಕೆಳಗಿಳಿಸಿ ಏಳಿ. ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಹಳೇ ಸೀರೆ ಇಟ್ಟುಕೊಂಡು ಎಡ ಮಗ್ಗುಲಿಗೆ ಮಲಗಿದರೆ ರಾತ್ರಿ ಎಷ್ಟೋ ಸಲೀಸು. ಬಲ ಮಗ್ಗುಲೂ ತಪ್ಪಲ್ಲ. ಚಳುಕು ಬಂದಾಗ ಮಂಡಿಯನ್ನು ಹೊಟ್ಟೆಯ ಕಡೆ ತಂದು ಕೂತರೆ ಬೇಗ ಇಳಿಯುತ್ತದೆ. ಉಗುರುಬೆಚ್ಚಗಿನ ಶಾಖ ಕೊಡಬಹುದು, ಸುಡುವಂಥದ್ದು ಬೇಡ.

ಹೊಟ್ಟೆ ಭಾರವಾದ ಮೇಲೆ ಕೆಳಗಿನಿಂದ ಎತ್ತಿ ಹಿಡಿಯುವ ಬೆಲ್ಟ್ ನಡೆಯುವಾಗ ನೆರವಾಗುತ್ತದೆ. ಇಡೀ ದಿನ ಕಟ್ಟಿಕೊಂಡಿರಬಾರದು. ನೆಲ ಗುಡಿಸುವುದು, ಬಗ್ಗಿ ರಂಗೋಲಿ ಹಾಕುವುದು, ಕೊಡ ಎತ್ತುವುದು ಇವೆಲ್ಲ ಒಂದೇ ಬದಿಗೆ ತಿರುಚಿಕೊಂಡು ಮಾಡುವ ಕೆಲಸಗಳು. ಇವನ್ನು ಮನೆಯವರು ವಹಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಬೇರೆ ಇಲ್ಲ. ಹಾಗೆಂದು ಪೂರ್ತಿ ಮಲಗಿಬಿಡುವುದೂ ಬೇಡ. ವೈದ್ಯರು ಬೇಡ ಎನ್ನದಿದ್ದರೆ ದಿನಾ ಸ್ವಲ್ಪ ನಡಿಗೆ, ಕೈ ಮಂಡಿ ಊರಿ ಬೆನ್ನು ಏರಿಳಿಸುವ ಮಾರ್ಜಾಲಾಸನ, ಗೋಡೆಗೆ ಒರಗಿ ಸೊಂಟವನ್ನು ಹಿಂದೆ ಮುಂದೆ ಮಾಡುವ ವ್ಯಾಯಾಮ ಸ್ನಾಯುಗಳನ್ನು ಗಟ್ಟಿ ಮಾಡುತ್ತವೆ.

ಮಾತ್ರೆ ಬೇಕೇ ಬೇಕಾದರೆ ವೈದ್ಯರನ್ನು ಕೇಳಿ ಪ್ಯಾರಸಿಟಮಾಲ್. ಮೆಡಿಕಲ್ ಶಾಪಿನಲ್ಲಿ ನೋವಿಗೆ ಎಂದರೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಬೆರೆತ ಮಾತ್ರೆಯೇ ಕೈಗೆ ಬರುವುದು ಹೆಚ್ಚು. ಬಸುರಿಯರು ಇವನ್ನು ತಾವಾಗಿ ತಗೊಳ್ಳಬಾರದು. 20 ವಾರದ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಸುತ್ತಲಿನ ನೀರು ಕಡಿಮೆ ಮಾಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ನೋವಿನ ಮುಲಾಮು, ಸ್ಪ್ರೇಗಳಲ್ಲೂ ಇದೇ ಮದ್ದು ಇರುತ್ತದೆ, ಚೀಟಿ ಓದಿ.

ಇಷ್ಟಾದ ಮೇಲೂ ನೋವು ದಿನಚರಿ ಕೆಡಿಸುತ್ತಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದು ನಮ್ಮಲ್ಲಿ ಸರಿಯಾದ ಹೆಜ್ಜೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ದೊಡ್ಡ ಜಿಲ್ಲಾಸ್ಪತ್ರೆಗಳಲ್ಲಿ ಈ ವಿಭಾಗ ಇರುತ್ತದೆ. ಬಸುರಿಯರಿಗೆ ಅಲ್ಲಿಗೆ ಚೀಟಿ ಬರೆದುಕೊಡುವ ರೂಢಿ ಬೆಳೆದಿಲ್ಲ, ಕೇಳುವವರೂ ಕಡಿಮೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. ಅಂದು ಒಂದು ಮೂಲೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಕೂತು, ಹೇಗೆ ಏಳಬೇಕು, ಹೇಗೆ ಹೊರಳಬೇಕು ಎಂದು ಬಂದ ಬಸುರಿಯರಿಗೆಲ್ಲ ಮಾಡಿ ತೋರಿಸಿದರೆ ಖರ್ಚು ಎಷ್ಟಾದೀತು? ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಅಲ್ಲಿಯವರೆಗೆ, ಮುಂದಿನ ತಪಾಸಣೆಗೆ ಹೋದಾಗ ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು, ಏನು ಮಾಡಿದರೆ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಜೊತೆ ವೈದ್ಯರ ಮುಂದಿಡಿ. ಫಿಸಿಯೋಥೆರಪಿಗೆ ಬರೆದುಕೊಡಿ ಎಂದು ಬಾಯಿಬಿಟ್ಟು ಕೇಳಿ.